ಪಾಸ್‌ವರ್ಡ್ ಎಲ್ಲಿ ಸೋರುತ್ತದೆ?

‘ವೈಫೈಗೆ ಎಂಟರ್‌ಪ್ರೈಸ್ ಹಾಕಿಸಿದ್ದೇವೆ, ಇನ್ನೇನು ಚಿಂತೆ’ ಎಂಬ ಮಾತು ಘಟ್ಟದ ಮೇಲಿನ ಸೊಸೈಟಿಗಳಲ್ಲೂ ಘಟ್ಟದ ಕೆಳಗಿನ ಕಚೇರಿಗಳಲ್ಲೂ ಕಿವಿಗೆ ಬೀಳುತ್ತಲೇ ಇರುತ್ತದೆ. ಎಂಟರ್‌ಪ್ರೈಸ್ (ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡುವ ಬದಲು ಒಬ್ಬೊಬ್ಬರನ್ನೂ ಸರ್ವರ್ ಪರೀಕ್ಷಿಸಿ ಒಳಬಿಡುವ ಬಗೆ) ಎಂಬುದು ಡಬ್ಬಿಯ ಮೇಲಿನ ಚೀಟಿ. ಒಳಗೆ ಪೀಪ್ ಇರಬಹುದು, ಟಿಟಿಎಲ್‌ಎಸ್ ಇರಬಹುದು, ಇಎಪಿ-ಟಿಎಲ್‌ಎಸ್ ಇರಬಹುದು. ಮೂರೂ ಗುರುತು ಪರೀಕ್ಷಿಸುವ ಕ್ರಮಗಳೇ, ಆದರೆ ಇವುಗಳ ನಡುವಿನ ಅಂತರ ಹಂಚಿನ ಮಾಡಿಗೂ ಸೋಗೆ ಮಾಡಿಗೂ ಇರುವಷ್ಟಿದೆ. ಅದು ಕಾಣುವುದು ಮಳೆ ಬಿದ್ದಾಗಲೇ.

ಇಂಥ ಯಾವುದೇ ದೃಢೀಕರಣ ಪ್ರೋಟೋಕಾಲ್ (ಗುರುತು ಪರೀಕ್ಷಿಸುವ ಕ್ರಮ) ಕೈಗೆ ಬಂದರೂ ಮೂರು ಪ್ರಶ್ನೆ ಕೇಳಿ ನೋಡಿ. ದಾರಿಯಲ್ಲಿ ಕಿವಿಗೊಟ್ಟು ಕೂತವನಿಗೆ ಏನು ಸಿಗುತ್ತದೆ? ಸರ್ವರ್‌ನ ವೇಷ ಕಟ್ಟಿ ಬಂದವನಿಗೆ ಏನು ಸಿಗುತ್ತದೆ? ಸರ್ವರ್‌ನ ಡಿಸ್ಕನ್ನೇ ಹೊತ್ತೊಯ್ದವನಿಗೆ ಏನು ಸಿಗುತ್ತದೆ? ‘ಇದು ಸೇಫಾ?’ ಎಂದು ಒಂದೇ ಪ್ರಶ್ನೆ ಕೇಳಿದರೆ ಒಬ್ಬ ಕಳ್ಳನಿಗಷ್ಟೇ ಉತ್ತರ ಸಿಗುತ್ತದೆ, ಉಳಿದಿಬ್ಬರು ದಣಪೆ ದಾಟಿ ಒಳಗೆ ಬಂದಿರುತ್ತಾರೆ.

ಹಳೆಯದರಿಂದಲೇ ಶುರು ಮಾಡೋಣ. ಪ್ಯಾಪ್‌ನಲ್ಲಿ ಹೆಸರು, ಪಾಸ್‌ವರ್ಡ್ ಎರಡೂ ಹಾಗೆಹಾಗೇ ಹೋಗುತ್ತವೆ. ಕಿವಿಗೊಟ್ಟವನಿಗೆ ಎಲ್ಲವೂ ಸಿಕ್ಕಿತು. ಚ್ಯಾಪ್ (1996ರಲ್ಲಿ ಬಂದ, ಆರ್‌ಎಫ್‌ಸಿ 1994 ಎಂಬ ಸಂಖ್ಯೆಯ ಇಂಟರ್‌ನೆಟ್ ದಾಖಲೆ) ಇದನ್ನು ತಪ್ಪಿಸಲು ಸವಾಲು-ಉತ್ತರದ ದಾರಿ ಹಿಡಿಯಿತು. ಸರ್ವರ್ ಒಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ, ಕ್ಲೈಂಟ್ ಅದನ್ನು ಪಾಸ್‌ವರ್ಡ್ ಜೊತೆ ಸೇರಿಸಿ ಎಂಡಿ5 ಎಂಬ ಲೆಕ್ಕದಿಂದ ಹ್ಯಾಶ್ (ಹಿಂದಕ್ಕೆ ಬಿಡಿಸಲಾಗದ ಸಾರ) ಮಾಡಿ 16 ಬೈಟ್‌ನ ಉತ್ತರ ಕೊಡುತ್ತದೆ. ಪಾಸ್‌ವರ್ಡ್ ತಂತಿಯ ಮೇಲೆ ಬರಲಿಲ್ಲ, ನಿಜ. ಆದರೆ ಅದೇ ಲೆಕ್ಕವನ್ನು ತಾನೂ ಮಾಡಿ ನೋಡಲು ಸರ್ವರ್‌ಗೆ ಮೂಲ ಪಾಸ್‌ವರ್ಡ್ ಬೇಕು, ಹಾಗಾಗಿ ಅದನ್ನು ಬಿಚ್ಚು ರೂಪದಲ್ಲಿ ಇಟ್ಟುಕೊಳ್ಳಲೇಬೇಕು. ಮೊದಲನೆಯ ಕಳ್ಳನಿಗೆ ಬಾಗಿಲು ಹಾಕುವ ಭರದಲ್ಲಿ ಮೂರನೆಯವನಿಗೆ ತಿಜೋರಿ ತೆರೆದಿಟ್ಟಂತಾಯಿತು. ಈ ವಿಚಿತ್ರವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಚ್ಯಾಪ್‌ನ ಮೈಕ್ರೋಸಾಫ್ಟ್ ರೂಪವಾದ ಎಂಎಸ್‌ಚ್ಯಾಪ್ ವಿ2. ಇವತ್ತಿಗೂ ಕಾಲೇಜು, ಬ್ಯಾಂಕು, ಕಚೇರಿಗಳ ವೈಫೈಯಲ್ಲಿ ಪೀಪ್ ಎಂಬ ಹೊದಿಕೆಯೊಳಗೆ ಕೆಲಸ ಮಾಡುತ್ತಿರುವುದು ಬಹುಪಾಲು ಇದೇ. ಇದರ ಹೊಟ್ಟೆಯನ್ನು ಸ್ವಲ್ಪ ಬಗೆದು ನೋಡುವುದು ಒಳ್ಳೆಯದು. ಪಾಸ್‌ವರ್ಡನ್ನು ಎಂಡಿ4 ಮಾಡಿದರೆ 16 ಬೈಟ್‌ನ ಎನ್‌ಟಿ ಹ್ಯಾಶ್ ಬರುತ್ತದೆ. ಅದಕ್ಕೆ ಉಪ್ಪಿಲ್ಲ, ಅಂದರೆ ಒಂದೇ ಪಾಸ್‌ವರ್ಡ್ ಇಟ್ಟುಕೊಂಡ ಇಬ್ಬರಿಗೂ ಒಂದೇ ಹ್ಯಾಶ್. ಈ 16 ಬೈಟ್‌ಗೆ 5 ಸೊನ್ನೆ ಬೈಟ್ ಸೇರಿಸಿ 21 ಮಾಡಿ, 7 ಬೈಟ್‌ನಂತೆ ಡೆಸ್ ಎಂಬ ಹಳೆಯ ಗೂಢಲಿಪಿಯ ಮೂರು ಕೀಲಿಗಳಾಗಿ ಕತ್ತರಿಸುತ್ತಾರೆ. ಎಡವಟ್ಟಾಗುವುದು ಇಲ್ಲೇ. ಮೂರನೆಯ ಕೀಲಿಯಲ್ಲಿ ನಿಜವಾದ ಬೈಟ್ ಎರಡೇ, ಅಂದರೆ 65,536 ಸಾಧ್ಯತೆ, ಯಾವ ಲ್ಯಾಪ್‌ಟಾಪ್‌ಗೂ ಕಣ್ಣು ಮಿಟುಕಿಸುವಷ್ಟರ ಕೆಲಸ. ಉಳಿದೆರಡು ಕೀಲಿಗಳು ಒಂದೇ 8 ಬೈಟ್‌ನ ಸವಾಲನ್ನು ಗೂಢಲಿಪಿ ಮಾಡುವುದರಿಂದ ಒಂದೇ ಸುತ್ತಿನ ಹುಡುಕಾಟದಲ್ಲಿ ಎರಡೂ ಸಿಗುತ್ತವೆ. ಕೊನೆಗೆ ಉಳಿಯುವುದು ಒಂದೇ ಒಂದು ಡೆಸ್ ಕೀಲಿಯ ಹುಡುಕಾಟ, 2ರ 56ನೇ ಘಾತ. 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಇದನ್ನು ಡೆಫ್‌ಕಾನ್ ಸಮ್ಮೇಳನದಲ್ಲಿ ತೋರಿಸಿದರು. ವಿಶೇಷ ಯಂತ್ರಾಂಶದಲ್ಲಿ ಒಂದು ದಿನದೊಳಗಿನ ಕೆಲಸ ಅದು.

ಇದರಲ್ಲಿ ಜನ ಮರೆಯುವ ಸಂಗತಿ ಒಂದಿದೆ. ನಿಮ್ಮ ಪಾಸ್‌ವರ್ಡ್ 8 ಅಕ್ಷರದ್ದೋ 30 ಅಕ್ಷರದ್ದೋ ಎಂಬುದು ಈ ದಾಳಿಗೆ ಲೆಕ್ಕಕ್ಕೇ ಇಲ್ಲ. ಹುಡುಕುತ್ತಿರುವುದು ಹ್ಯಾಶ್ ಅನ್ನು, ಅದು ಯಾವಾಗಲೂ 16 ಬೈಟ್. ಹ್ಯಾಶ್ ಸಿಕ್ಕರೆ ಪಾಸ್‌ವರ್ಡ್ ಸಿಕ್ಕಂತೆಯೇ, ಎಂಎಸ್‌ಚ್ಯಾಪ್‌ಗೆ ಬೇಕಾದದ್ದು ಹ್ಯಾಶ್ ಮಾತ್ರ. ಸರ್ವರ್‌ನ ಡಿಸ್ಕ್ ಹೊತ್ತೊಯ್ದವನಿಗೂ ಇದೇ ಹ್ಯಾಶ್ ಸಿಗುತ್ತದೆ. ಮೂರು ಪ್ರಶ್ನೆಗೂ ಫೇಲ್.

ಹಾಗಾದರೆ ಪೀಪ್ ಯಾಕೆ ಇನ್ನೂ ನಡೆಯುತ್ತಿದೆ? ಅದು ಈ ಬಡಕಲು ಸಂಭಾಷಣೆಯನ್ನು ಟಿಎಲ್‌ಎಸ್ (ವೆಬ್‌ಸೈಟುಗಳೂ ಬಳಸುವ ಗೂಢಲಿಪಿಯ ಹೊದಿಕೆ) ಸುರಂಗದೊಳಗೆ ಸಾಗಿಸುತ್ತದೆ. ಕಿವಿಗೊಟ್ಟವನಿಗೆ ಸುರಂಗದ ಹೊರಗೋಡೆಯಷ್ಟೇ ಕಾಣುತ್ತದೆ. ಇಡೀ ಭದ್ರತೆ ಈಗ ಒಂದೇ ಮೊಳೆಗೆ ನೇತುಬಿದ್ದಿದೆ: ಸುರಂಗದ ಆ ತುದಿಯಲ್ಲಿರುವುದು ನಮ್ಮ ಸರ್ವರ್ ಹೌದೋ ಅಲ್ಲವೋ ಎಂದು ಮೊಬೈಲು ನೋಡಿತೇ? ನೋಡದಿದ್ದರೆ ಎದುರಿನ ಹೋಟೆಲ್‌ನಲ್ಲಿ ಚಹಾ ಕುಡಿಯುತ್ತ ಕೂತವನ ಬ್ಯಾಗಿನಲ್ಲಿರುವ ಪುಟ್ಟ ಎಕ್ಸೆಸ್ ಪಾಯಿಂಟ್ ನಿಮ್ಮ ವೈಫೈ ಹೆಸರನ್ನೇ ಹೇಳಿಕೊಂಡು ಕರೆಯುತ್ತದೆ. ಸಿಬ್ಬಂದಿಯ ಮೊಬೈಲು ಕಿಸೆಯಲ್ಲಿದ್ದಂತೆಯೇ ಹೋಗಿ ಎಂಎಸ್‌ಚ್ಯಾಪ್ ಉತ್ತರ ಕೊಟ್ಟು ಬರುತ್ತದೆ. ಯಕ್ಷಗಾನದ ಸೀಮೆಯವರಿಗೆ ವೇಷದ ಮಹಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಂಡ್ರಾಯ್ಡ್‌ನಲ್ಲಿ ಇದನ್ನು ಸರಿ ಮಾಡುವುದು ಎರಡು ಕಡೆ. ಸಿಎ ಸರ್ಟಿಫಿಕೇಟ್ ಎಂಬಲ್ಲಿ ನಿಮ್ಮದೇ ಸಿಎ (ಸರ್ಟಿಫಿಕೇಟ್ ಎಂಬ ಡಿಜಿಟಲ್ ಗುರುತಿನ ಚೀಟಿಗೆ ಸಹಿ ಹಾಕುವ ಪ್ರಾಧಿಕಾರ) ಆರಿಸಬೇಕು, ಕೆಳಗಿನ ಡೊಮೇನ್ ಎಂಬಲ್ಲಿ, ಯಾರನ್ನು ಒಳಬಿಡಬೇಕೆಂದು ತೀರ್ಮಾನಿಸುವ ರೇಡಿಯಸ್ ಸರ್ವರ್‌ನ ಸರ್ಟಿಫಿಕೇಟಿನಲ್ಲಿರುವ ಹೆಸರನ್ನು ಅಕ್ಷರ ತಪ್ಪದೆ ಬರೆಯಬೇಕು. ‘ಪರಿಶೀಲಿಸಬೇಡ’ ಎಂಬ ಆಯ್ಕೆಯನ್ನು 2020ರ ಡಿಸೆಂಬರಿನ ಅಪ್‌ಡೇಟ್‌ನಲ್ಲಿ ಆಂಡ್ರಾಯ್ಡ್ 11 ತೆಗೆದುಹಾಕಿದಾಗ ಐಟಿ ವಿಭಾಗದವರು ಗೊಣಗಿದ್ದೇ ಗೊಣಗಿದ್ದು. ನನ್ನ ಕೇಳಿದರೆ ಅದು ಹತ್ತು ವರ್ಷ ಮೊದಲೇ ಆಗಬೇಕಿತ್ತು. ಸಾರ್ವಜನಿಕ ಸಿಎಯಿಂದ ಸರ್ಟಿಫಿಕೇಟ್ ತಂದು ಡೊಮೇನ್ ಖಾಲಿ ಬಿಟ್ಟರೆ ಏನೂ ಉಪಯೋಗವಿಲ್ಲ, ಅದೇ ಸಿಎ ಕಳ್ಳನಿಗೂ ಅವನ ಡೊಮೇನಿಗೆ ಸರ್ಟಿಫಿಕೇಟ್ ಕೊಟ್ಟಿರುತ್ತದೆ. ವಿಂಡೋಸ್‌ನಲ್ಲೂ ಹೀಗೇ: ಸರ್ವರ್ ಹೆಸರಿನ ಖಾನೆ ತುಂಬಿ, ಸಿಎ ಪಟ್ಟಿಯಲ್ಲಿ ನಿಮ್ಮದೊಂದಕ್ಕೆ ಮಾತ್ರ ಗುರುತು ಹಾಕಿ, ಹೊಸ ಸರ್ವರ್ ಎದುರಾದಾಗ ಬಳಕೆದಾರನನ್ನು ಕೇಳುವ ಸೌಲಭ್ಯವನ್ನು ಮುಚ್ಚಿ. ಕೇಳಿದರೆ ಎಲ್ಲರೂ ‘ಹೌದು’ ಒತ್ತುತ್ತಾರೆ. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಎಂಟರ್‌ಪ್ರೈಸ್ ಮತ್ತು ಎಜುಕೇಶನ್ ಕಂಪ್ಯೂಟರುಗಳಲ್ಲಿ ಕ್ರೆಡೆನ್ಶಿಯಲ್ ಗಾರ್ಡ್ (ಲಾಗಿನ್ ಗುಟ್ಟುಗಳನ್ನು ಬೇರೆಯಾಗಿಟ್ಟು ಕಾಯುವ ಸೌಲಭ್ಯ) ತಾನಾಗಿಯೇ ಚಾಲೂ ಆಗುತ್ತದೆ. ಆಮೇಲೆ ಲಾಗಿನ್ ಪಾಸ್‌ವರ್ಡಿನಿಂದಲೇ ಪೀಪ್ ವೈಫೈಗೆ ಸೇರುವುದು ನಿಂತು, ಪ್ರತಿ ಸಲ ಪಾಸ್‌ವರ್ಡ್ ಕೇಳತೊಡಗುತ್ತದೆ. ದೂರು ಬಂದರೆ ಕಾರಣ ಇದು. ಪರಿಹಾರವೆಂದು ಕ್ರೆಡೆನ್ಶಿಯಲ್ ಗಾರ್ಡನ್ನೇ ಬಂದ್ ಮಾಡಬೇಡಿ.

ಟಿಟಿಎಲ್‌ಎಸ್ ಕೂಡ ಇಂಥದೇ ಸುರಂಗ. ಅದರೊಳಗೆ ಪ್ಯಾಪ್ ಎಂದರೆ ಹೆಸರು ಕೇಳಿಯೇ ಹಲವರು ಮೂಗು ಮುರಿಯುತ್ತಾರೆ. ಮೂರನೆಯ ಪ್ರಶ್ನೆಯನ್ನು ನೆನಪಿಸಿಕೊಳ್ಳಿ. ಸುರಂಗದೊಳಗೆ ಬಿಚ್ಚು ಪಾಸ್‌ವರ್ಡೇ ಬರುವುದರಿಂದ ಸರ್ವರ್ ಅದನ್ನು ಬಿಕ್ರಿಪ್ಟ್ ಅಥವಾ ಆರ್ಗಾನ್2 ಎಂಬ, ಬೇಕೆಂದೇ ನಿಧಾನ ಮಾಡಿದ ಹ್ಯಾಶ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಡಿಸ್ಕ್ ಕದ್ದವನು ಒಂದೊಂದು ಊಹೆಗೂ ಬೆವರು ಹರಿಸಬೇಕು. ಎಂಎಸ್‌ಚ್ಯಾಪ್‌ನಲ್ಲಿ ಈ ಅವಕಾಶವೇ ಇಲ್ಲ. ಬದಲಿಗೆ ವೇಷಧಾರಿಗೆ ಮೋಸ ಹೋದರೆ ಪಾಸ್‌ವರ್ಡ್ ಬಿಚ್ಚಾಗಿಯೇ ಅವನ ಕೈ ಸೇರುತ್ತದೆ. ಸರ್ಟಿಫಿಕೇಟ್ ಪರಿಶೀಲನೆಯನ್ನು ಬಿಗಿ ಮಾಡಬಲ್ಲ ಕಡೆ ನಾನು ಪೀಪ್‌ಗಿಂತ ಇದನ್ನೇ ಆರಿಸುತ್ತೇನೆ.

ಇಎಪಿ-ಟಿಎಲ್‌ಎಸ್‌ನಲ್ಲಿ ಪಾಸ್‌ವರ್ಡೇ ಇಲ್ಲ. ಸರ್ವರ್‌ಗೊಂದು ಸರ್ಟಿಫಿಕೇಟ್, ಪ್ರತಿ ಸಾಧನಕ್ಕೊಂದು ಸರ್ಟಿಫಿಕೇಟ್, ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷಿಸುತ್ತಾರೆ. ಕಿವಿಗೊಟ್ಟವನಿಗೆ ಊಹಿಸಿ ನೋಡಲು ಏನೂ ಇಲ್ಲ, ವೇಷಧಾರಿಗೆ ಕದಿಯಲು ಏನೂ ಇಲ್ಲ. ಸಿಎಯ ಖಾಸಗಿ ಕೀಲಿಯನ್ನು ಬೇರೆಡೆ ಇಟ್ಟಿದ್ದರೆ ಡಿಸ್ಕ್ ಕದ್ದವನಿಗೂ ಬಳಕೆದಾರರ ಗುಟ್ಟು ಸಿಗದು, ಸರ್ವರ್‌ನ ಕೀಲಿಯೊಂದನ್ನು ಬದಲಿಸಬೇಕಾಗುತ್ತದೆ ಅಷ್ಟೇ. ಕಷ್ಟವೆಲ್ಲ ನಿರ್ವಹಣೆಯಲ್ಲಿ. 60 ಸಾಧನ ಇದ್ದರೆ 60 ಸರ್ಟಿಫಿಕೇಟ್ ಮಾಡಿ ಹಂಚಬೇಕು.

ಹಂಚುವಾಗ ಕೈಕೊಡುವ ಜಾಗಗಳು ಮೂರ್ನಾಲ್ಕು. ಓಪನ್‌ಎಸ್‌ಎಸ್‌ಎಲ್ 3 ತಂತ್ರಾಂಶದಲ್ಲಿ ಮಾಡಿದ ಪಿ12 ಕಡತವನ್ನು (ಸರ್ಟಿಫಿಕೇಟ್ ಮತ್ತು ಅದರ ಕೀಲಿಯ ಕಟ್ಟು) ಹಳೆಯ ಆಂಡ್ರಾಯ್ಡ್, ಹಳೆಯ ಐಫೋನ್‌ಗಳು ‘ಪಾಸ್‌ವರ್ಡ್ ತಪ್ಪು’ ಎಂದು ತಿರಸ್ಕರಿಸುತ್ತವೆ. ಪಾಸ್‌ವರ್ಡ್ ಸರಿಯೇ ಇರುತ್ತದೆ, ಹೊಸ ಗೂಢಲಿಪಿ ಅವಕ್ಕೆ ಓದಲು ಬರುವುದಿಲ್ಲ. ಕಡತ ಮಾಡುವಾಗ ಲೆಗಸಿ ಆಯ್ಕೆ ಸೇರಿಸಿದರೆ ಆಯಿತು. ಆಂಡ್ರಾಯ್ಡ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ವೈಫೈ ಸರ್ಟಿಫಿಕೇಟ್ ಎಂದೇ ಆರಿಸಬೇಕು. ವಿಪಿಎನ್ ಎಂದು ಆರಿಸಿದರೆ ವೈಫೈ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಪಿ12 ಕಡತ ಮತ್ತು ಅದರ ಪಾಸ್‌ವರ್ಡ್ ಎರಡನ್ನೂ ಒಂದೇ ವಾಟ್ಸಾಪ್ ಗುಂಪಿಗೆ ಹಾಕುವುದೆಂದರೆ ಬೀಗಕ್ಕೇ ಕೀಲಿಕೈ ಕಟ್ಟಿಟ್ಟಂತೆ. ಇನ್ನು ಫ್ರೀರೇಡಿಯಸ್ (ರೇಡಿಯಸ್ ಸರ್ವರ್ ನಡೆಸುವ ಉಚಿತ ತಂತ್ರಾಂಶ) ಜೊತೆ ಬರುವ ಪರೀಕ್ಷಾ ಸರ್ಟಿಫಿಕೇಟ್‌ಗಳು. ಅವುಗಳ ಆಯುಷ್ಯ 60 ದಿನ, ಕೀಲಿಯ ಪಾಸ್‌ವರ್ಡ್ ‘ವಾಟೆವರ್’ ಎಂಬುದು ಜಗತ್ತಿಗೇ ಗೊತ್ತು. ‘ಎರಡು ತಿಂಗಳು ಚೆನ್ನಾಗಿತ್ತು, ಒಂದು ಬೆಳಿಗ್ಗೆ ಯಾರಿಗೂ ವೈಫೈ ಸಿಗುತ್ತಿಲ್ಲ’ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಶಾಖೆ ಯಲ್ಲಾಪುರದಲ್ಲಿ, ರೇಡಿಯಸ್ ಸರ್ವರ್ ಶಿರಸಿಯ ಮುಖ್ಯ ಕಚೇರಿಯಲ್ಲಿ, ನಡುವೆ ವಿಪಿಎನ್ ಎಂದುಕೊಳ್ಳಿ. ಪೀಪ್ ಸಲೀಸಾಗಿ ನಡೆಯುತ್ತದೆ, ಇಎಪಿ-ಟಿಎಲ್‌ಎಸ್ ಮಾತ್ರ ಅರ್ಧಕ್ಕೆ ನಿಂತು ಟೈಮ್‌ಔಟ್ ಆಗುತ್ತದೆ. ಸಾಧನವೂ ತನ್ನ ಸರ್ಟಿಫಿಕೇಟ್ ಕಳಿಸಬೇಕಾದ್ದರಿಂದ ಪ್ಯಾಕೆಟ್ ದೊಡ್ಡದಾಗಿ, ಯುಡಿಪಿ ತುಂಡಾಗಿ, ಆ ತುಂಡುಗಳನ್ನು ದಾರಿಯ ಯಾವುದೋ ಫೈರ್‌ವಾಲ್ ಬಿಸಾಕುತ್ತದೆ. 4096 ಬಿಟ್‌ನ ಆರ್‌ಎಸ್‌ಎ ಬಿಟ್ಟು ಅದಕ್ಕಿಂತ ಚಿಕ್ಕದಾದ ಪಿ-256 ಇಸಿಡಿಎಸ್‌ಎ ಸರ್ಟಿಫಿಕೇಟ್ ಬಳಸಿ, ರೇಡಿಯಸ್‌ನಲ್ಲಿ ಫ್ರೇಮ್ಡ್ ಎಂಟಿಯು (ಒಂದು ತುಂಡಿನ ಗರಿಷ್ಠ ಅಳತೆ) 1300ರ ಆಸುಪಾಸಿಗೆ ಇಳಿಸಿ. ಸಾಮಾನ್ಯವಾಗಿ ಇಷ್ಟಕ್ಕೇ ಸರಿಹೋಗುತ್ತದೆ.

ರೇಡಿಯಸ್ ಎಂದಮೇಲೆ ಅದರದ್ದೇ ಒಂದು ಕತೆ. ಎಕ್ಸೆಸ್ ಪಾಯಿಂಟ್‌ಗೂ ಸರ್ವರ್‌ಗೂ ನಡುವೆ ಯುಡಿಪಿ 1812ರಲ್ಲಿ ಓಡಾಡುವ ಈ ಪ್ರೋಟೋಕಾಲ್‌ನ ಭದ್ರತೆ ನಿಂತಿರುವುದು ಒಂದು ಹಂಚಿಕೊಂಡ ಗುಟ್ಟು ಮತ್ತು ಎಂಡಿ5 ಮೇಲೆ. 2024ರ ಜುಲೈನಲ್ಲಿ ಹೊರಬಂದ ಬ್ಲಾಸ್ಟ್‌ರೇಡಿಯಸ್ ಎಂಬ ದಾಳಿ (ದೋಷಗಳ ಪಟ್ಟಿಯಲ್ಲಿ ಸಿವಿಇ-2024-3596) ತೋರಿಸಿದ್ದು ಇಷ್ಟು: ನಡುವೆ ನಿಂತವನು ಗುಟ್ಟು ಗೊತ್ತಿಲ್ಲದೆಯೇ, ಎಂಡಿ5 ಘರ್ಷಣೆಯ (ಎರಡು ಬೇರೆ ಸಂದೇಶಗಳಿಗೆ ಒಂದೇ ಹ್ಯಾಶ್ ಬರಿಸುವುದು) ಸಹಾಯದಿಂದ, ಸರ್ವರ್ ಕಳಿಸಿದ ‘ಬೇಡ’ ಎಂಬ ಉತ್ತರವನ್ನು ‘ಬರಲಿ’ ಎಂದು ತಿದ್ದಬಹುದು. ಸಂಶೋಧಕರಿಗೆ ಇದಕ್ಕೆ ಹಿಡಿದದ್ದು ಕೆಲವೇ ನಿಮಿಷ. ಇಎಪಿ (ಪೀಪ್, ಟಿಟಿಎಲ್‌ಎಸ್, ಇಎಪಿ-ಟಿಎಲ್‌ಎಸ್ ಸೇರಿದ ಕುಟುಂಬ) ಸಂಭಾಷಣೆಗೆ ಮೆಸೇಜ್ ಆಥೆಂಟಿಕೇಟರ್ ಎಂಬ ಎಚ್‌ಮ್ಯಾಕ್ ಮುದ್ರೆ ಕಡ್ಡಾಯವಾದ್ದರಿಂದ ವೈಫೈ ಎಂಟರ್‌ಪ್ರೈಸ್ ಬಚಾವ್. ಪೆಟ್ಟು ಬೀಳುವುದು ಪ್ಯಾಪ್, ಚ್ಯಾಪ್ ನೇರವಾಗಿ ಬಳಸುವ ಕಡೆ, ಅಂದರೆ ವಿಪಿಎನ್ ಲಾಗಿನ್, ರೂಟರ್‌ನ ಅಡ್ಮಿನ್ ಲಾಗಿನ್, ಲಾಡ್ಜ್‌ಗಳ ಲಾಗಿನ್ ಪುಟ.

ಫ್ರೀರೇಡಿಯಸ್ 3.2.5 ಅಥವಾ 3.0.27ಕ್ಕೆ ಏರಿಸಿ, ಪ್ರತಿ ಕ್ಲೈಂಟ್‌ಗೂ ಮೆಸೇಜ್ ಆಥೆಂಟಿಕೇಟರ್ ಕಡ್ಡಾಯ ಎಂಬ ಸಾಲನ್ನು ಯೆಸ್ ಮಾಡಿ. ಹಳೆಯ ಸ್ವಿಚ್ ಅದನ್ನು ಕಳಿಸದಿದ್ದರೆ ಲಾಗಿನ್ ನಿಲ್ಲುತ್ತದೆ, ಹಾಗಾಗಿ ಮೊದಲು ಸ್ವಿಚ್‌ನ ಫರ್ಮ್‌ವೇರ್, ಆಮೇಲೆ ಈ ಸಾಲು. ಹಂಚಿಕೊಂಡ ಗುಟ್ಟು ಇನ್ನೂ ‘ಟೆಸ್ಟಿಂಗ್123’ ಆಗಿದ್ದರೆ ಉಳಿದದ್ದೆಲ್ಲ ವ್ಯರ್ಥ. ಒಂದು ಪ್ಯಾಕೆಟ್ ಜೋಡಿ ಹಿಡಿದವನು ಮನೆಯಲ್ಲಿ ಕೂತು ಗುಟ್ಟನ್ನು ಊಹಿಸುತ್ತಾ ಹೋಗಬಹುದು. 24 ಯಾದೃಚ್ಛಿಕ ಬೈಟ್‌ಗಳನ್ನು ಬೇಸ್64 ಮಾಡಿದರೆ 32 ಅಕ್ಷರ ಬರುತ್ತದೆ, ಅದನ್ನೇ ಇಡಿ, ಪ್ರತಿ ಎಕ್ಸೆಸ್ ಪಾಯಿಂಟ್‌ಗೂ ಬೇರೆ ಬೇರೆ. ಘಟ್ಟ ಇಳಿದು ಕುಮಟಾಕ್ಕೋ ಅಂಕೋಲಾಕ್ಕೋ ಹೋಗುವ ರೇಡಿಯಸ್ ಸಂಚಾರವನ್ನು ಬರಿಮೈಯಲ್ಲಿ ಇಂಟರ್‌ನೆಟ್ ಮೇಲೆ ಬಿಡಲೇಬಾರದು. ವಿಪಿಎನ್ ಒಳಗೆ ಹಾಕಿ, ಇಲ್ಲವೇ ಟಿಸಿಪಿ 2083ರ ರಾಡ್‌ಸೆಕ್ (ಟಿಎಲ್‌ಎಸ್ ಒಳಗಿನ ರೇಡಿಯಸ್) ಬಳಸಿ. ರೂಟರ್, ಸ್ವಿಚ್‌ಗಳ ಅಡ್ಮಿನ್ ಲಾಗಿನ್‌ಗೆ ಬಳಸುವ ಟ್ಯಾಕಾಕ್ಸ್ ಪ್ಲಸ್ ಬಗ್ಗೆ ಇಷ್ಟು ಸಾಕು: ಅದೂ ಎಂಡಿ5ನಿಂದ ಮುಸುಕು ಹಾಕುತ್ತದೆ, ಅದಕ್ಕೂ ಸುರಂಗ ಬೇಕು.

ಕಚೇರಿಯ ವಿಂಡೋಸ್ ಡೊಮೇನ್ ಲಾಗಿನ್‌ನ ಹಿಂದಿರುವ ಕರ್ಬರೋಸ್ ಬೇರೆ ಜಾತಿಯದು. ಪಾಸ್‌ವರ್ಡ್ ಎಂದೂ ತಂತಿಯ ಮೇಲೆ ಬರುವುದಿಲ್ಲ, ಬೆಳಿಗ್ಗೆ ಒಮ್ಮೆ ಟಿಕೆಟ್ ಪಡೆದರೆ ವಿಂಡೋಸ್ ಡೊಮೇನ್‌ನಲ್ಲಿ 10 ತಾಸು ನಡೆಯುತ್ತದೆ, ಸರ್ವರ್ ಕೂಡ ತಾನು ಯಾರೆಂದು ಸಾಬೀತು ಮಾಡಬಹುದು. ದುರ್ಬಲ ಜಾಗ ಸರ್ವಿಸ್ ಖಾತೆಗಳು, ಅಂದರೆ ಮನುಷ್ಯರ ಬದಲು ತಂತ್ರಾಂಶಗಳ ಹೆಸರಿನ ಖಾತೆಗಳು. ಡೊಮೇನ್‌ನಲ್ಲಿ ಖಾತೆಯಿರುವ ಯಾರೇ ಆದರೂ ಡೇಟಾಬೇಸ್ ಸರ್ವಿಸ್‌ಗೆ ಟಿಕೆಟ್ ಕೇಳಿ ಪಡೆದು, ಮನೆಗೊಯ್ದು, ಪಾಸ್‌ವರ್ಡ್ ಊಹಿಸುತ್ತ ಕೂರಬಹುದು. ಕರ್ಬರೋಸ್ಟಿಂಗ್ ಅಂದರೆ ಇದೇ. ಟಿಕೆಟ್ ಆರ್‌ಸಿ4 ಎಂಬ ಹಳೆಯ ಗೂಢಲಿಪಿಯಲ್ಲಿದ್ದರೆ ಕೀಲಿ ಎಂದರೆ ಅದೇ ಉಪ್ಪಿಲ್ಲದ ಎನ್‌ಟಿ ಹ್ಯಾಶ್. ಹೊಸ ಗೂಢಲಿಪಿಯಾದ ಎಇಎಸ್‌ನಲ್ಲಿದ್ದರೆ ಪ್ರತಿ ಊಹೆಗೂ 4096 ಸುತ್ತಿನ ಕೆಲಸ, ಜೊತೆಗೆ ಉಪ್ಪು. ಆರ್‌ಸಿ4 ಮುಚ್ಚಿ, ಸರ್ವಿಸ್ ಖಾತೆಗೆ 25 ಅಕ್ಷರ ಮೀರಿದ ಪಾಸ್‌ವರ್ಡ್ ಇಡಿ. ವಿಂಡೋಸ್‌ನ ಹಳೆಯ ಲಾಗಿನ್ ಕ್ರಮವಾದ ಎನ್‌ಟಿಎಲ್‌ಎಂ ಅನ್ನು ಮೈಕ್ರೋಸಾಫ್ಟ್ 2024ರಲ್ಲಿ ಬಳಕೆಯಿಂದ ಇಳಿಸುವ ಪಟ್ಟಿಗೆ ಸೇರಿಸಿದೆ. ಹಳೆಯ ಸ್ಕ್ಯಾನರ್, ಹಳೆಯ ಲೆಕ್ಕದ ತಂತ್ರಾಂಶ ಅದನ್ನೇ ಕೇಳುತ್ತಿವೆಯೇ ಎಂದು ಲಾಗ್‌ನಲ್ಲಿ ನೋಡಿಕೊಳ್ಳಿ.

ಪ್ರಿಂಟರ್, ಸಿಸಿಟಿವಿ ಕ್ಯಾಮೆರಾಗಳನ್ನು ಮ್ಯಾಕ್ ವಿಳಾಸ ನೋಡಿ ಒಳಬಿಡುವುದು ದೃಢೀಕರಣವೇ ಅಲ್ಲ, ಆ ವಿಳಾಸ ಬೆನ್ನಿನ ಸ್ಟಿಕ್ಕರ್ ಮೇಲೇ ಇರುತ್ತದೆ. ಬೇರೆ ವಿಲ್ಯಾನ್‌ಗೆ (ಅದೇ ತಂತಿಯ ಮೇಲಿನ ಪ್ರತ್ಯೇಕ ಜಾಲ) ಹಾಕಿ ಮುಗಿಸಿ.

ಗೋಕರ್ಣ, ಮುರ್ಡೇಶ್ವರದ ಕಡೆಯ ಹೋಂಸ್ಟೇಗಳಿಗೆ ಇಷ್ಟೆಲ್ಲ ಬೇಡ, ಒಂದೇ ಪಾಸ್‌ವರ್ಡಿನ ಡಬ್ಲ್ಯುಪಿಎ ಸಾಕು. ಆದರೆ ಲೆಕ್ಕವೊಂದನ್ನು ನೋಡಿ. ಹಲವರು ಮಾಲೀಕರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಇಡುತ್ತಾರೆ. 6ರಿಂದ 9ರವರೆಗಿನ ಅಂಕಿಯಿಂದ ಶುರುವಾಗುವ 10 ಅಂಕಿ ಎಂದರೆ ಒಟ್ಟು 400 ಕೋಟಿ ಸಾಧ್ಯತೆ. ಡಬ್ಲ್ಯುಪಿಎ2ನಲ್ಲಿ ಒಬ್ಬ ಅತಿಥಿ ಸೇರುವಾಗಿನ ನಾಲ್ಕು ಹೆಜ್ಜೆಯ ಕೈಕುಲುಕನ್ನು ಗಾಳಿಯಿಂದ ಹಿಡಿದುಕೊಂಡರೆ ಉಳಿದದ್ದೆಲ್ಲ ಮನೆಯಲ್ಲಿ ಕೂತು ಮಾಡುವ ಕೆಲಸ. ಸೆಕೆಂಡಿಗೆ 10 ಲಕ್ಷ ಊಹೆ ಮಾಡುವ ಗ್ರಾಫಿಕ್ಸ್ ಕಾರ್ಡ್‌ಗೆ 4000 ಸೆಕೆಂಡು, ಅಂದರೆ 67 ನಿಮಿಷದೊಳಗೆ ಎಲ್ಲ ನಂಬರ್ ಮುಗಿಯುತ್ತವೆ. ಗೇಮಿಂಗ್‌ಗೆ ಕೊಳ್ಳುವ ಇವತ್ತಿನ ದೊಡ್ಡ ಕಾರ್ಡ್‌ಗಳು ಇದಕ್ಕಿಂತ ಚುರುಕು. ಅಷ್ಟಕ್ಕೂ ನಂಬರು ಹೊರಗಿನ ಬೋರ್ಡ್ ಮೇಲೇ ಇರುತ್ತದಲ್ಲ!

ಡಬ್ಲ್ಯುಪಿಎ3ಯ ಎಸ್‌ಎಇ ಎಂಬ ಹೊಸ ಕೈಕುಲುಕು ಈ ಮನೆಗೆಲಸವನ್ನು ತಪ್ಪಿಸುತ್ತದೆ. ಪ್ರತಿ ಊಹೆಗೂ ಎಕ್ಸೆಸ್ ಪಾಯಿಂಟ್ ಎದುರು ಬಂದು ನಿಂತು ಕೇಳಬೇಕು. ಪಾಸ್‌ವರ್ಡ್ ಗೊತ್ತಿರುವ ಪಕ್ಕದ ರೂಮಿನವರೂ ನಿಮ್ಮ ಸಂಚಾರವನ್ನು ಹಿಡಿದು ಬಿಡಿಸಲಾರರು. ಡಬ್ಲ್ಯುಪಿಎ2ನಲ್ಲಿ ಅದು ಆಗುತ್ತಿತ್ತು. ಹಳೆಯ ಮೊಬೈಲಿಗಾಗಿ ಎರಡನ್ನೂ ಸೇರಿಸಿದ ಮಿಶ್ರ ಮೋಡ್ ಇಟ್ಟರೆ ಮಾತ್ರ ಜಾಗ್ರತೆ. ಸಂಶೋಧಕರಾದ ಮಾಥಿ ವಾನ್‌ಹೂಫ್ ಮತ್ತು ಎಯಲ್ ರೋನೆನ್ 2019ರಲ್ಲಿ ತೋರಿಸಿದಂತೆ, ಅದೇ ಹೆಸರಿನ ಡಬ್ಲ್ಯುಪಿಎ2 ನಕಲಿ ಎಬ್ಬಿಸಿ ಮೊದಲೆರಡು ಸಂದೇಶ ಹಿಡಿದರೂ ಊಹೆಯ ಆಟಕ್ಕೆ ಸಾಕು. ಮಿಶ್ರ ಮೋಡ್‌ನಲ್ಲೂ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳ ಉದ್ದ ಪಾಸ್‌ವರ್ಡ್ ಬೇಕೇ ಬೇಕು. 63 ಅಕ್ಷರದವರೆಗೆ ಜಾಗವಿದೆ.

ಇನ್ನು ಉಳಿದದ್ದು ಯಾವ ಹೋಲಿಕೆಯ ಪಟ್ಟಿಯಲ್ಲೂ ಬರದ, ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾತ್ರ ಮೊದಲ ಸಾಲಿಗೆ ಬರುವ ವಿಷಯ: ಗಡಿಯಾರ. ಜೂನ್-ಜುಲೈಯಲ್ಲಿ ಮರ ಬಿದ್ದು ಕರೆಂಟು ಹೋದರೆ ಫೈಬರ್ ಕೂಡ ಅದೇ ಮರದಡಿ ಸಿಕ್ಕಿರುತ್ತದೆ. ಇನ್ವರ್ಟರ್ ಬರಿದಾಗಿ ಸರ್ವರ್ ಆರುತ್ತದೆ. ಕರೆಂಟು ಮೊದಲು ಬರುತ್ತದೆ, ಇಂಟರ್‌ನೆಟ್ ಎರಡು ದಿನ ಬಿಟ್ಟು. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಫ್ರೀರೇಡಿಯಸ್ ಓಡಿಸುತ್ತಿದ್ದರೆ ಅದಕ್ಕೆ ಬ್ಯಾಟರಿಯ ಗಡಿಯಾರವಿಲ್ಲ, ಕೊನೆಯದಾಗಿ ಕಾರ್ಡ್‌ಗೆ ಬರೆದಿಟ್ಟ ಸಮಯದಿಂದಲೇ ಎಣಿಕೆ ಮುಂದುವರಿಸುತ್ತದೆ. ಹಳೆಯ ಡೆಸ್ಕ್‌ಟಾಪನ್ನು ಸರ್ವರ್ ಮಾಡಿದ್ದು, ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಕರ್ಬರೋಸ್ ಸಹಿಸುವ ವ್ಯತ್ಯಾಸ 5 ನಿಮಿಷ, ಅದನ್ನು ಮೀರಿದರೆ ಲಾಗಿನ್ ಇಲ್ಲ. ಇಎಪಿ-ಟಿಎಲ್‌ಎಸ್‌ನಲ್ಲಿ ನಿನ್ನೆ ಮಾಡಿದ ಸರ್ಟಿಫಿಕೇಟ್ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಲಾಗ್‌ನಲ್ಲಿ ಬೀಳುತ್ತದೆ. ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿ ಸಿಆರ್‌ಎಲ್ ಪರಿಶೀಲನೆ ಚಾಲೂ ಇದ್ದು, ಆ ಪಟ್ಟಿಯ ತಾರೀಖು ಸರ್ವರ್‌ಗೆ ‘ನಾಳೆ’ಯದಾಗಿ ಕಂಡರೆ ಒಬ್ಬಿಬ್ಬರಲ್ಲ, ಎಲ್ಲರೂ ಹೊರಗೆ. ಮೊಬೈಲ್‌ಗಳ ಗಡಿಯಾರ ಸರಿಯೇ ಇರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಸಿಟ್ಟಿಗೆದ್ದವರು ಆಗ ಸಿಆರ್‌ಎಲ್ ಪರಿಶೀಲನೆಯನ್ನೇ ಬಂದ್ ಮಾಡಿಬಿಡುತ್ತಾರೆ. ಕಳೆದುಹೋದ ಫೋನ್ ಅಂದಿನಿಂದ ಮತ್ತೆ ಒಳಗೆ ಬರಬಲ್ಲದು.

ಪರಿಹಾರ ಅಗ್ಗ. ಡಿಎಸ್3231 ಎಂಬ ಗಡಿಯಾರದ ಮಾಡ್ಯೂಲ್ ತನ್ನಿ. ಅದರ ವಿದ್ಯುತ್ತಿನ ತಂತಿ ಪೈಯ 1ನೇ ಪಿನ್ನಿಗೆ (3.3 ವೋಲ್ಟ್), ಎಸ್‌ಡಿಎ 3ಕ್ಕೆ, ಎಸ್‌ಸಿಎಲ್ 5ಕ್ಕೆ, ಗ್ರೌಂಡ್ 6ಕ್ಕೆ. ಕೆಲವು ಬೋರ್ಡ್‌ಗಳಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ, ಅದನ್ನು 5 ವೋಲ್ಟಿಗೆ ಜೋಡಿಸಿ ಸಾಮಾನ್ಯ ಸಿಆರ್2032 ಹಾಕಿದರೆ ಸೆಲ್ ಉಬ್ಬುತ್ತದೆ. ಐ2ಸಿ (ಪೈ ಮತ್ತು ಮಾಡ್ಯೂಲ್ ಮಾತಾಡುವ ದಾರಿ) ಚಾಲೂ ಮಾಡಿ ಹುಡುಕಿದಾಗ 68 ಎಂಬ ವಿಳಾಸ ಕಾಣಬೇಕು. ಬೂಟ್ ಕಡತದಲ್ಲಿ ಐ2ಸಿ-ಆರ್‌ಟಿಸಿ ಓವರ್‌ಲೇ ಸಾಲಿಗೆ ಡಿಎಸ್3231 ಸೇರಿಸಿ ಮರುಚಾಲನೆ ಮಾಡಿದ ಮೇಲೆ ಅದೇ ಜಾಗದಲ್ಲಿ ಯುಯು ಎಂದು ಕಾಣುತ್ತದೆ, ಡ್ರೈವರ್ ಅದನ್ನು ಹಿಡಿದುಕೊಂಡಿದೆ ಎಂದರ್ಥ. ಫೇಕ್-ಎಚ್‌ಡಬ್ಲ್ಯುಕ್ಲಾಕ್ ಪ್ಯಾಕೇಜ್ ಇದ್ದರೆ ತೆಗೆಯಿರಿ, ಇಂಟರ್‌ನೆಟ್ ಇರುವಾಗ ಸರಿಯಾದ ಸಮಯವನ್ನು ಎಚ್‌ಡಬ್ಲ್ಯುಕ್ಲಾಕ್ ಆದೇಶದಿಂದ ಒಮ್ಮೆ ಮಾಡ್ಯೂಲ್‌ಗೆ ಬರೆಯಿರಿ. ಹತ್ತು ಲಕ್ಷಕ್ಕೆ 2ರ ತಪ್ಪು ಎಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ, ಕರ್ಬರೋಸ್‌ಗೂ ಸಾಕಾಗುತ್ತದೆ. ಕಡಲ ಬದಿಯ ಕಚೇರಿಗಳಲ್ಲಿ ಉಪ್ಪುಗಾಳಿಗೆ ಸೆಲ್ಲಿನ ಹಿಡಿಕೆ ಹಸಿರುಗಟ್ಟುತ್ತದೆ, ಮೇ ತಿಂಗಳಲ್ಲಿ ಒಮ್ಮೆ ಬಿಚ್ಚಿ ಒರೆಸಿ.

ಸಿಆರ್‌ಎಲ್‌ಗೂ ಆಯುಷ್ಯವಿದೆ, ಫ್ರೀರೇಡಿಯಸ್‌ನ ಮಾದರಿ ಕಡತದಲ್ಲಿ 30 ದಿನ. ಮುಗಿಯುವ ವಾರ ಮೊದಲೇ ಹೊಸದು ಮಾಡಿ, ಸರ್ವಿಸ್ ಮರುಚಾಲನೆ ಮಾಡಲು ಕ್ರಾನ್‌ಗೆ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸೌಲಭ್ಯ) ಹಾಕಿಡಿ. ಮಿರಗದ ಮಳೆಗೆ ಮುಂಚೆ ಒಂದು ಭಾನುವಾರ ಸರ್ವರ್‌ನ ವಿದ್ಯುತ್ತನ್ನೂ ಫೈಬರ್‌ನ ತಂತಿಯನ್ನೂ ಒಟ್ಟಿಗೆ ಕಿತ್ತು ಅರ್ಧ ತಾಸು ಬಿಡಿ. ವಿದ್ಯುತ್ತು ಮಾತ್ರ ಮರಳಿ ಕೊಡಿ, ಫೈಬರ್ ಹೊರಗೇ ಇರಲಿ. ಸರ್ವರ್‌ನ ಸಮಯ ನೋಡಿ, ಹೊಸದಾಗಿ ಮಾಡಿದ ಸರ್ಟಿಫಿಕೇಟ್ ಇರುವ ಒಂದು ಫೋನ್‌ನಿಂದ ಸೇರಿ ನೋಡಿ, ಆಮೇಲೆ ರದ್ದು ಮಾಡಿದ ಸರ್ಟಿಫಿಕೇಟ್ ಇರುವ ಇನ್ನೊಂದರಿಂದ. ಮೊದಲನೆಯದು ಒಳಗೆ ಬರಬೇಕು, ಎರಡನೆಯದು ಬರಬಾರದು.